ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಯಾವ ಪ್ರೊಸೆಸರ್ ಹಾಕಬೇಕು?

ಮಿತ ಖರ್ಚಿನಲ್ಲಿ ಜೋಡಿಸಿದ ಗೇಮಿಂಗ್ ಕಂಪ್ಯೂಟರು ಐದಾರು ವರ್ಷ ಕಳೆದ ಮೇಲೆ ಒಂದು ವಿಚಿತ್ರ ರೀತಿಯಲ್ಲಿ ಸೋಲತೊಡಗುತ್ತದೆ. ಖಾಲಿ ಬಯಲಿನಲ್ಲಿ ಓಡುವಾಗ ಆಟ ಸರಾಗವಾಗಿಯೇ ಸಾಗುತ್ತಿರುತ್ತದೆ; ಜನ ತುಂಬಿದ ಪೇಟೆಯೊಳಗೆ ಕಾಲಿಟ್ಟ ಕೂಡಲೇ ಅಥವಾ ಹತ್ತಾರು ಶತ್ರುಗಳು ಒಮ್ಮೆಗೇ ಎದುರಾದಾಗ ಚಿತ್ರ ತಡವರಿಸುತ್ತದೆ. ಗ್ರಾಫಿಕ್ಸ್ ಗುಣಮಟ್ಟವನ್ನು ಕನಿಷ್ಠಕ್ಕೆ ಇಳಿಸಿದರೂ ಆ ತಡವರಿಕೆ ಹೋಗುವುದಿಲ್ಲ. ಇದು ಬಹುಮಟ್ಟಿಗೆ ಪ್ರೊಸೆಸರಿನ ದಣಿವು. ಹಾಗೆಂದು ಮಾರುಕಟ್ಟೆಯಲ್ಲಿ ಹೆಸರು ಮಾಡಿರುವ ಯಾವುದೋ ಹೊಸ ಪ್ರೊಸೆಸರನ್ನು ತಂದುಬಿಟ್ಟರೆ ಅದಕ್ಕೆ ಹೊಸ ಮದರ್‌ಬೋರ್ಡ್ ಬೇಕಾಗುತ್ತದೆ, ಆ ಬೋರ್ಡಿಗೆ ಬೇರೆ ಬಗೆಯ ರ‍್ಯಾಮ್ ಬೇಕಾಗುತ್ತದೆ, ಕೊನೆಗೆ ಹಳೆಯ ಪೆಟ್ಟಿಗೆಯೊಂದೇ ಉಳಿದುಕೊಳ್ಳುತ್ತದೆ. ಹಳೆಯ ಕಂಪ್ಯೂಟರಿಗೆ ತಕ್ಕ ಪ್ರೊಸೆಸರ್ ಎಂದರೆ, ನನ್ನ ಲೆಕ್ಕದಲ್ಲಿ, ಈಗಿರುವ ಮದರ್‌ಬೋರ್ಡಿನಲ್ಲಿ, ಈಗಿರುವ ರ‍್ಯಾಮಿನೊಂದಿಗೆ, ಈಗಿರುವ ಪವರ್ ಸಪ್ಲೈಯಿಂದಲೇ ನಡೆಯುವ ಪ್ರೊಸೆಸರ್. ಮುಂದಿನ ಹಂತಗಳನ್ನೆಲ್ಲ ಈ ಒಂದು ನಿಲುವಿನ ಮೇಲೆಯೇ ಬರೆದಿದ್ದೇನೆ.

ಮೊದಲ ಹಂತ: ದೋಷ ಪ್ರೊಸೆಸರಿನದೇ ಎಂದು ಖಚಿತಪಡಿಸಿಕೊಳ್ಳುವುದು

ಪರದೆಯ ಮೇಲೆ ಮೂಡುವ ಪ್ರತಿಯೊಂದು ಫ್ರೇಮಿನ (ಬಿಡಿ ಚಿತ್ರದ) ಹಿಂದೆಯೂ ಎರಡು ಕೆಲಸಗಳಿರುತ್ತವೆ. ಪಾತ್ರಗಳು ಎಲ್ಲಿವೆ, ಯಾವ ಗುಂಡು ಯಾರಿಗೆ ತಗುಲಿತು, ಯಾವ ವಸ್ತುವನ್ನು ಎಲ್ಲಿ ಚಿತ್ರಿಸಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಆದೇಶಗಳ ಪಟ್ಟಿಯನ್ನು ಸಿದ್ಧಪಡಿಸುವುದು ಪ್ರೊಸೆಸರಿನ ಕೆಲಸ; ಆ ಪಟ್ಟಿಯಂತೆ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದು ಫ್ರೇಮಿಗೂ ಸುಮಾರು 16.7 ಮಿಲಿಸೆಕೆಂಡ್ ಮಾತ್ರ ಸಿಗುತ್ತದೆ, 144 ಬೇಕೆಂದರೆ 7 ಮಿಲಿಸೆಕೆಂಡಿಗೂ ಕಡಿಮೆ. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಆಟದ ವೇಗವಾಗುತ್ತದೆ. ಪ್ರೊಸೆಸರ್ ಬದಲಿಸುವುದರಿಂದ ಪ್ರಯೋಜನವಾಗುವುದು ಗ್ರಾಫಿಕ್ಸ್ ಕಾರ್ಡು ಕೈಕಟ್ಟಿ ಕಾಯುತ್ತಿರುವಾಗ ಮಾತ್ರ.

ಇದನ್ನು ಪರೀಕ್ಷಿಸಲು ಹಣ ಬೇಡ, ಅರ್ಧ ಗಂಟೆ ಸಾಕು. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶವನ್ನು ಅದರೊಡನೆ ಬರುವ ರಿವಾಟ್ಯೂನರ್ ಸಮೇತ ಅಳವಡಿಸಿಕೊಂಡು, ಗ್ರಾಫಿಕ್ಸ್ ಕಾರ್ಡಿನ ಬಳಕೆಯ ಪ್ರಮಾಣ, ಪ್ರೊಸೆಸರಿನ ಪ್ರತಿ ಥ್ರೆಡ್ಡಿನ (ಅದು ಒಮ್ಮೆಗೇ ನಡೆಸಬಲ್ಲ ಕೆಲಸದ ಸಾಲುಗಳಲ್ಲಿ ಒಂದೊಂದರ) ಬಳಕೆ, ಪ್ರೊಸೆಸರಿನ ವೇಗ ಮತ್ತು ಉಷ್ಣತೆ, ಒಂದೊಂದು ಫ್ರೇಮಿಗೆ ಹಿಡಿದ ಸಮಯವನ್ನು ತೋರಿಸುವ ಫ್ರೇಮ್ ಟೈಮಿನ ಗೆರೆ ಇವಿಷ್ಟೂ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿಕೊಳ್ಳಿ. ವಿ-ಸಿಂಕ್ (ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಆಯ್ಕೆ) ಹಾಗೂ ಫ್ರೇಮ್ ಮಿತಿಗಳನ್ನು ಕಡ್ಡಾಯವಾಗಿ ತೆಗೆದುಹಾಕಿ, ಏಕೆಂದರೆ ಅವು ಇದ್ದರೆ ಎರಡೂ ಭಾಗಗಳು ಬಿಡುವಾಗಿರುವಂತೆ ತೋರಿ ಪರೀಕ್ಷೆ ದಾರಿ ತಪ್ಪುತ್ತದೆ. ನಂತರ ಆಟ ತಡವರಿಸುವ ಜಾಗಕ್ಕೇ ಹೋಗಿ ನಿಂತು ಅಂಕಿಗಳನ್ನು ಬರೆದುಕೊಳ್ಳಿ. ಗ್ರಾಫಿಕ್ಸ್ ಕಾರ್ಡಿನ ಬಳಕೆ 95 ಶೇಕಡಾಕ್ಕಿಂತ ಮೇಲಿದ್ದರೆ ಅಲ್ಲಿ ದುಡಿಯುತ್ತಿರುವುದು ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರಿನ ಮೇಲೆ ದೂರು ಹೊರಿಸಬೇಕಾಗಿಲ್ಲ. 60, 70 ಶೇಕಡಾದಲ್ಲಿ ಹೊಯ್ದಾಡುತ್ತಿದ್ದರೆ ಮುಂದಿನ ಪರೀಕ್ಷೆ ಮಾಡಿ: ಅದೇ ಜಾಗದಲ್ಲಿ, ಉಳಿದ ಯಾವುದನ್ನೂ ಮುಟ್ಟದೆ, ರೆಸಲ್ಯೂಶನ್ನನ್ನು 1920×1080ರಿಂದ 1280×720ಕ್ಕೆ ಇಳಿಸಿ ನೋಡಿ. ಫ್ರೇಮುಗಳ ಸಂಖ್ಯೆ ಏರಿದರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಭಾರವಿತ್ತೆಂದು ಅರ್ಥ. ಏನೂ ಬದಲಾಗದಿದ್ದರೆ ಪ್ರೊಸೆಸರೇ ಗತಿಯನ್ನು ನಿರ್ಧರಿಸುತ್ತಿದೆ.

ಇಲ್ಲಿ ಹಲವರು ಎಡವುವ ಒಂದು ಸಂಗತಿಯಿದೆ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಒಟ್ಟು ಬಳಕೆ 40 ಶೇಕಡಾ ಎಂದು ಕಂಡರೆ, ಇನ್ನೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಉಳಿದಿದೆಯೆಂದು ಭಾವಿಸುತ್ತಾರೆ. ಆಟದ ಮುಖ್ಯ ಕೆಲಸ ಅನೇಕ ಬಾರಿ ಒಂದೇ ಥ್ರೆಡ್ಡಿನ ಮೇಲೆ ನಿಂತಿರುತ್ತದೆ. 12 ಥ್ರೆಡ್ಡುಗಳ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದಿದ್ದರೂ ಒಟ್ಟು ಲೆಕ್ಕದಲ್ಲಿ ಅದು 8 ಶೇಕಡಾ ಮಾತ್ರ. ಅದಲ್ಲದೆ ವಿಂಡೋಸ್ ಆ ಕೆಲಸವನ್ನು ಒಂದು ಕೋರಿನಿಂದ (ಪ್ರೊಸೆಸರಿನೊಳಗಿನ ಬಿಡಿ ಲೆಕ್ಕದ ಘಟಕ) ಇನ್ನೊಂದಕ್ಕೆ ಸಾಗಿಸುತ್ತಿರುವುದರಿಂದ ಬಿಡಿ ಕೋರುಗಳ ಗ್ರಾಫಿನಲ್ಲಿಯೂ ದಣಿವು ಸ್ಪಷ್ಟವಾಗಿ ಕಾಣದೇ ಹೋಗಬಹುದು. ಆದ್ದರಿಂದ ಪ್ರೊಸೆಸರಿನ ಅಂಕಿಗಿಂತ ಗ್ರಾಫಿಕ್ಸ್ ಕಾರ್ಡಿನ ಅಂಕಿಯನ್ನು ನಂಬುವುದು ಒಳಿತು. ಪ್ರೊಸೆಸರ್ ಮತ್ತು ಕಾರ್ಡಿನ ಹೆಸರು ತುಂಬಿದರೆ ಸಾಕು, ಇಷ್ಟು ಶೇಕಡಾ ಬಾಟಲ್‌ನೆಕ್ (ಒಂದು ಭಾಗ ಇನ್ನೊಂದನ್ನು ತಡೆಹಿಡಿಯುವುದು) ಎಂದು ಉತ್ತರ ಕೊಡುವ ಜಾಲತಾಣಗಳನ್ನು ನಾನು ನೋಡುವುದೇ ಇಲ್ಲ. ಆಟ ಯಾವುದು, ರೆಸಲ್ಯೂಶನ್ ಎಷ್ಟು, ನಿಮಗೆ ಎಷ್ಟು ಫ್ರೇಮ್ ಬೇಕು ಎಂಬುದನ್ನು ತಿಳಿಯದೆ ಅಂಥ ಅಂಕಿ ಹೇಳಲು ಸಾಧ್ಯವೇ ಇಲ್ಲ.

ಎರಡನೆಯ ಹಂತ: ಖರ್ಚಿಲ್ಲದ ಮದ್ದುಗಳನ್ನು ಮೊದಲು ಮುಗಿಸುವುದು

ಪ್ರೊಸೆಸರ್ ದಣಿದಿದೆಯೆಂದು ಗೊತ್ತಾದ ಮೇಲೆಯೂ ಅದು ಏಕೆ ದಣಿದಿದೆ ಎಂದು ಕೇಳಿಕೊಳ್ಳಬೇಕು. ಅಗ್ಗದ ಕಂಪ್ಯೂಟರುಗಳಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪೆಂದರೆ ಒಂದೇ ಪಟ್ಟಿ ರ‍್ಯಾಮ್ ಹಾಕಿರುವುದು. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಎರಡು ದಾರಿಗಳಿರುತ್ತವೆ. ಒಂದೇ ಪಟ್ಟಿ ಇದ್ದಾಗ ಒಂದು ದಾರಿ ಖಾಲಿ ಬಿದ್ದಿರುತ್ತದೆ. ಇರುವ 8 ಜಿಬಿಗೆ ಜೊತೆಯಾಗಿ ಅದೇ ವೇಗದ ಇನ್ನೊಂದು 8 ಜಿಬಿ ಪಟ್ಟಿಯನ್ನು ಸೇರಿಸಿದರೆ ಸಾಮರ್ಥ್ಯವೂ ಹೆಚ್ಚುತ್ತದೆ, ಡ್ಯುಯಲ್ ಚಾನೆಲ್ ಆಗಿ ದಾರಿಯೂ ಅಗಲವಾಗುತ್ತದೆ. ಎರಡನೆಯ ತಪ್ಪು, 3200ರ ರ‍್ಯಾಮ್ ಕೊಂಡು ಬಯೋಸಿನಲ್ಲಿ (ಬೋರ್ಡಿನ ಚಿಪ್ಪಿನಲ್ಲಿಯೇ ಇದ್ದು ಕಂಪ್ಯೂಟರನ್ನು ಆರಂಭಿಸುವ ತಂತ್ರಾಂಶ) ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡದೆ ಅದನ್ನು ವರ್ಷಗಟ್ಟಲೆ 2133 ಅಥವಾ 2400ರಲ್ಲಿ ಓಡಿಸುವುದು. ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರುಗಳಲ್ಲಿ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಸಂಪರ್ಕದ ವೇಗವು ರ‍್ಯಾಮಿನ ವೇಗದೊಂದಿಗೆ ಹೆಣೆದುಕೊಂಡಿರುವುದರಿಂದ ಅವುಗಳಲ್ಲಿ ಈ ತಪ್ಪಿನ ಪೆಟ್ಟು ಜೋರಾಗಿಯೇ ಬೀಳುತ್ತದೆ.

ಕೂಲರಿನಲ್ಲಿ ಧೂಳು ತುಂಬಿ, ಥರ್ಮಲ್ ಪೇಸ್ಟ್ ಒಣಗಿ, ಪ್ರೊಸೆಸರ್ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿದೆಯೇ ಎಂಬುದನ್ನೂ ಎಚ್‌ಡಬ್ಲ್ಯೂ ಇನ್ಫೋ ತಂತ್ರಾಂಶದಲ್ಲಿ ನೋಡಿಕೊಳ್ಳಿ. ಆಟದೊಳಗಿನ ಆಯ್ಕೆಗಳಲ್ಲಿಯೂ ಎಲ್ಲವೂ ಗ್ರಾಫಿಕ್ಸ್ ಕಾರ್ಡಿಗೆ ಸೇರಿದವಲ್ಲ: ಜನಸಂದಣಿಯ ಪ್ರಮಾಣ, ದೃಷ್ಟಿಯ ದೂರ, ಭೌತಿಕ ಪರಿಣಾಮಗಳು, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವುದು) ಇವು ಪ್ರೊಸೆಸರನ್ನೂ ಹಿಂಡುತ್ತವೆ, ಅವನ್ನು ಇಳಿಸಿದರೆ ಹಗುರಾಗುತ್ತದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಮುಂತಾದ ಅಪ್‌ಸ್ಕೇಲಿಂಗ್ (ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದಾಗಿಸುವ) ತಂತ್ರಗಳು ಗ್ರಾಫಿಕ್ಸ್ ಕಾರ್ಡಿನ ಹೊರೆಯನ್ನಷ್ಟೇ ಇಳಿಸುವುದರಿಂದ ಈ ಕಾಯಿಲೆಗೆ ಅವು ಮದ್ದಲ್ಲ. ಇಷ್ಟರಲ್ಲಿಯೇ ಆಟ ಸುಧಾರಿಸಿದರೆ ಮುಂದಕ್ಕೆ ಓದುವ ಅಗತ್ಯವೂ ಇಲ್ಲ.

ಮೂರನೆಯ ಹಂತ: ಬೋರ್ಡಿನ ಪೂರ್ತಿ ಗುರುತು ಹಿಡಿಯುವುದು

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ತೆರೆದು ಮೇನ್‌ಬೋರ್ಡ್ ವಿಭಾಗದಲ್ಲಿ ತಯಾರಕರ ಹೆಸರು, ಮಾದರಿ, ರಿವಿಷನ್ ಸಂಖ್ಯೆ, ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಒಂದುಗೂಡಿಸುವ ಚಿಪ್ಪು) ಮತ್ತು ಈಗಿನ ಬಯೋಸ್ ಆವೃತ್ತಿ ಇವೈದನ್ನೂ ಬರೆದಿಟ್ಟುಕೊಳ್ಳಿ. ರಿವಿಷನ್ ಸಂಖ್ಯೆಯನ್ನು ಉಪೇಕ್ಷಿಸಬೇಡಿ; ಹೆಸರು ಒಂದೇ ಆಗಿದ್ದು ರಿವಿಷನ್ ಬೇರೆಯಾಗಿರುವ ಎರಡು ಬೋರ್ಡುಗಳಿಗೆ ಬಯೋಸ್ ಕಡತವೇ ಬೇರೆಯಿರಬಹುದು. ನಂತರ ತಯಾರಕರ ಅಧಿಕೃತ ಜಾಲತಾಣದಲ್ಲಿ ಆ ಮಾದರಿಯ ಪುಟಕ್ಕೆ ಹೋಗಿ, ಅದು ಒಪ್ಪುವ ಪ್ರೊಸೆಸರುಗಳ ಪಟ್ಟಿಯನ್ನು ತೆರೆಯಿರಿ. ಪ್ರತಿಯೊಂದು ಪ್ರೊಸೆಸರಿನ ಎದುರು ಅದಕ್ಕೆ ಬೇಕಾದ ಕನಿಷ್ಠ ಬಯೋಸ್ ಆವೃತ್ತಿಯನ್ನು ಕೊಟ್ಟಿರುತ್ತಾರೆ. ನಿಮ್ಮ ಆಯ್ಕೆಯ ಎಲ್ಲೆ ಆ ಪಟ್ಟಿಯೇ. ಅದರಲ್ಲಿಲ್ಲದ ಪ್ರೊಸೆಸರ್ ಯಾರದೋ ವಿಡಿಯೊದಲ್ಲಿ ಅದೇ ಬೋರ್ಡಿನ ಮೇಲೆ ನಡೆಯಿತು ಎಂಬುದು ನಿಮಗೆ ಆಧಾರವಾಗಬಾರದು.

ದೊಡ್ಡ ಕಂಪನಿಗಳು ಕಚೇರಿಗಳಿಗೆಂದು ತಯಾರಿಸಿದ ಕಂಪ್ಯೂಟರನ್ನು ಕೊಂಡು, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಸೇರಿಸಿಕೊಂಡವರು ಇನ್ನಷ್ಟು ಎಚ್ಚರದಿಂದಿರಬೇಕು. ಅವುಗಳ ಬಯೋಸ್ ಅದೇ ಕಾಲದಲ್ಲಿ ಆ ಕಂಪನಿ ಮಾರಿದ ಪ್ರೊಸೆಸರುಗಳನ್ನು ಬಿಟ್ಟು ಬೇರೆಯದನ್ನು ಗುರುತಿಸದೇ ಇರಬಹುದು. ಬೋರ್ಡ್ ಮತ್ತು ಪವರ್ ಸಪ್ಲೈಗಳ ಅಳತೆ, ಕನೆಕ್ಟರುಗಳೂ ಅವರವರದ್ದೇ ಆಗಿರುತ್ತವೆ.

ನಾಲ್ಕನೆಯ ಹಂತ: ಸಾಕೆಟ್ಟಿಗೆ ತಕ್ಕ ಆಯ್ಕೆ

ಸಾಕೆಟ್ ಎಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ. ಮೊದಲು ಎಎಂಡಿಯ ಎಎಂ4 ಸಾಕೆಟ್ಟಿನ ಮಾತು, ಏಕೆಂದರೆ ಈ ವಿಷಯದಲ್ಲಿ ಅತ್ಯಂತ ಅದೃಷ್ಟವಂತರು ಅದರ ಒಡೆಯರೇ. 2017ರಲ್ಲಿ ಮೊದಲ ರೈಜೆನ್ ಬಂದಾಗಿನ ಬೋರ್ಡುಗಳಲ್ಲಿ ಬಹಳಷ್ಟು, 2020ರಲ್ಲಿ ಬಂದ ರೈಜೆನ್ 5000 ಸರಣಿಯನ್ನೂ ಒಪ್ಪುತ್ತವೆ. ಎ320, ಬಿ350, ಎಕ್ಸ್370 ಚಿಪ್‌ಸೆಟ್ಟುಗಳ ಹಳೆಯ ಬೋರ್ಡುಗಳಿಗೆ ಈ ಅವಕಾಶ ಅಧಿಕೃತವಾಗಿ ಸಿಕ್ಕಿದ್ದು 2022ರಲ್ಲಿ, ಹೊಸ ಬಯೋಸ್‌ಗಳ ಮೂಲಕ. ಆದ್ದರಿಂದ ರೈಜೆನ್ 3 1200, 2200ಜಿ, 3200ಜಿ ಮೊದಲಾದ ನಾಲ್ಕು ಕೋರು ನಾಲ್ಕು ಥ್ರೆಡ್ಡಿನ ಪ್ರೊಸೆಸರುಗಳಲ್ಲಿ ಇಂದಿನ ಆಟಗಳೊಂದಿಗೆ ಏಗುತ್ತಿರುವವರಿಗೆ ಒಂದೇ ಬದಲಾವಣೆಯಲ್ಲಿ ಕಂಪ್ಯೂಟರು ಬೇರೆಯೇ ಆದಂತೆ ಅನಿಸುತ್ತದೆ.

ಈ ಸರಣಿಯೊಳಗೆ ನನ್ನ ಮೊದಲ ಶಿಫಾರಸು ರೈಜೆನ್ 5 5600. ಆರು ಕೋರು, ಹನ್ನೆರಡು ಥ್ರೆಡ್ಡು, 32 ಎಂಬಿ ಎಲ್3 ಕ್ಯಾಶ್, 65 ವ್ಯಾಟ್ ವರ್ಗ. ಇಲ್ಲಿ ಕ್ಯಾಶಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಟಗಳಲ್ಲಿ ಪ್ರೊಸೆಸರ್ ತನ್ನ ಸಮಯದ ದೊಡ್ಡ ಪಾಲನ್ನು ಲೆಕ್ಕ ಹಾಕುವುದರಲ್ಲಿ ಕಳೆಯುವುದಿಲ್ಲ. ಲೆಕ್ಕಕ್ಕೆ ಬೇಕಾದ ಮಾಹಿತಿ ರ‍್ಯಾಮಿನಿಂದ ಬರುವುದನ್ನು ಕಾಯುವುದರಲ್ಲಿ ಕಳೆಯುತ್ತದೆ. ಕ್ಯಾಶ್ ಎಂದರೆ ಮೇಜಿನ ಮೇಲೆ ಹರಡಿಟ್ಟುಕೊಂಡ ಕಾಗದ, ರ‍್ಯಾಮ್ ಎಂದರೆ ಪಕ್ಕದ ಕೋಣೆಯ ಕಪಾಟು. ಮೇಜು ದೊಡ್ಡದಾದಷ್ಟೂ ಎದ್ದು ಹೋಗುವ ಸಲಗಳು ಕಡಿಮೆ. ರೈಜೆನ್ 5 3600ರಲ್ಲಿಯೂ 32 ಎಂಬಿ ಕ್ಯಾಶ್ ಇದೆ, ಆದರೆ ಅದು 16ರಂತೆ ಎರಡು ಗುಂಪುಗಳಾಗಿ ಹಂಚಿಹೋಗಿದೆ. 5600ರಲ್ಲಿ ಪೂರ್ತಿ 32 ಎಂಬಿಯೂ ಆರೂ ಕೋರುಗಳಿಗೆ ಒಟ್ಟಾಗಿ ದಕ್ಕುತ್ತದೆ. ಹೆಸರಿನಲ್ಲಿ ಹತ್ತಿರವಿರುವ ರೈಜೆನ್ 5 5500ರಲ್ಲಿ ಕ್ಯಾಶ್ 16 ಎಂಬಿ ಮಾತ್ರ, ರೈಜೆನ್ 5 4500ರಲ್ಲಿ 8 ಎಂಬಿ ಮಾತ್ರ. ಎಂಟು ಕೋರುಗಳ ರೈಜೆನ್ 7 5700ರ ಕಥೆಯೂ ಇದೇ: ಕೊನೆಯಲ್ಲಿ ಎಕ್ಸ್ ಇಲ್ಲದ ಆ 5700ಕ್ಕೆ 16 ಎಂಬಿ, ಎಕ್ಸ್ ಇರುವ 5700ಎಕ್ಸ್‌ಗೆ 32 ಎಂಬಿ. ಅಂಗಡಿಯ ಫಲಕದಲ್ಲಿ ಕೋರುಗಳ ಸಂಖ್ಯೆಯನ್ನು ದೊಡ್ಡದಾಗಿಯೂ ಕ್ಯಾಶನ್ನು ಚಿಕ್ಕದಾಗಿಯೂ ಬರೆದಿರುವುದರಿಂದ ಈ ವ್ಯತ್ಯಾಸ ಕಣ್ಣು ತಪ್ಪಿಸುತ್ತದೆ.

5500 ಮತ್ತು 4500 ಪ್ರೊಸೆಸರುಗಳಿಗೆ ಇನ್ನೊಂದು ಮಿತಿಯಿದೆ: ಗ್ರಾಫಿಕ್ಸ್ ಕಾರ್ಡಿಗೆ ಮಾಹಿತಿ ಸಾಗಿಸುವ ಪಿಸಿಐಇ ಸಂಪರ್ಕದಲ್ಲಿ ಅವು 3.0 ಆವೃತ್ತಿಯವರೆಗೆ ಮಾತ್ರ ಹೋಗುತ್ತವೆ. ಆ ಸಂಪರ್ಕದ ಹದಿನಾರು ಲೇನುಗಳನ್ನು (ದಾರಿಗಳನ್ನು) ಬಳಸುವ ಗ್ರಾಫಿಕ್ಸ್ ಕಾರ್ಡಿಗೆ ಇದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿಯಂತೆ ನಾಲ್ಕೇ ಲೇನುಗಳಿರುವ ಕಾರ್ಡು ನಿಮ್ಮಲ್ಲಿದ್ದರೆ ಮಾತ್ರ ನಷ್ಟ ಕಣ್ಣಿಗೆ ಬೀಳುತ್ತದೆ. ಆದರೆ ಬಿ450 ಮತ್ತು ಅದಕ್ಕಿಂತ ಹಳೆಯ ಬೋರ್ಡುಗಳೇ ಪಿಸಿಐಇ 3.0 ಆಗಿರುವುದರಿಂದ, ಅಂಥ ಬೋರ್ಡಿನಲ್ಲಿ ಈ ಒಂದು ಕಾರಣಕ್ಕಾಗಿ 5500ನ್ನು ಕೈಬಿಡಬೇಕಾಗಿಲ್ಲ.

ಎಎಂ4ರ ತುತ್ತತುದಿಯಲ್ಲಿ ನಿಲ್ಲುವುವು 5700ಎಕ್ಸ್3ಡಿ ಮತ್ತು 5800ಎಕ್ಸ್3ಡಿ. ಎರಡರಲ್ಲಿಯೂ ಎಂಟು ಕೋರುಗಳಿದ್ದು, ಚಿಪ್ಪಿನ ಮೇಲೆ ಇನ್ನೊಂದು ಪದರವಾಗಿ ಕೂರಿಸಿದ ಕ್ಯಾಶ್ ಸೇರಿ ಎಲ್3 ಒಟ್ಟು 96 ಎಂಬಿ ಆಗುತ್ತದೆ. ದೊಡ್ಡ ನಗರಗಳನ್ನು ಕಟ್ಟುವ ಆಟಗಳು, ನೂರಾರು ಘಟಕಗಳ ತಂತ್ರದಾಟಗಳು, ಸಾವಿರಾರು ಆಟಗಾರರ ಆನ್‌ಲೈನ್ ಲೋಕಗಳು ಇವುಗಳಲ್ಲಿ ಈ ಕ್ಯಾಶಿನ ಪ್ರಭಾವ ಎದ್ದು ಕಾಣುತ್ತದೆ. ಆದರೂ ಜಿಟಿಎಕ್ಸ್ 1650 ಅಥವಾ ಆರ್‌ಎಕ್ಸ್ 570 ದರ್ಜೆಯ ಕಾರ್ಡು, 60 ಹರ್ಟ್ಸ್ ಮಾನಿಟರು ಇರುವ ಕಂಪ್ಯೂಟರಿಗೆ ಇವನ್ನು ಹಾಕುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಅಂಥ ಕಡೆ 5600 ಹಾಕಿ, ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆಂದು ಎತ್ತಿಡುವುದು ಸರಿ. 144 ಹರ್ಟ್ಸ್ ಮಾನಿಟರಿನಲ್ಲಿ ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್ ಮುಂತಾದವನ್ನು ಕನಿಷ್ಠ ಗುಣಮಟ್ಟದಲ್ಲಿ ಆಡುವವರ ಲೆಕ್ಕ ಬೇರೆ. ಅಲ್ಲಿ ಸಾಧಾರಣ ಕಾರ್ಡು ಕೂಡ ಪ್ರೊಸೆಸರಿಗಾಗಿ ಕಾಯುತ್ತದೆ.

ಜಿ ಅಕ್ಷರದ ಪ್ರೊಸೆಸರಿನಿಂದ ಮೇಲೇರುವವರಿಗೆ ಒಂದು ಎಚ್ಚರಿಕೆ. 2200ಜಿ, 3200ಜಿಗಳಲ್ಲಿ ಚಿತ್ರ ಮೂಡಿಸುವ ಭಾಗವೂ ಪ್ರೊಸೆಸರಿನೊಳಗೇ ಇದೆ, 5600ರಲ್ಲಿ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 5600 ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಇಂಟೆಲ್ಲಿನಲ್ಲಿ ಎಫ್ ಅಕ್ಷರದಿಂದ ಕೊನೆಗೊಳ್ಳುವ ಪ್ರೊಸೆಸರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇಂಟೆಲ್ ಬೋರ್ಡುಗಳ ಒಡೆಯರಿಗೆ ದಾರಿ ಇಷ್ಟು ಉದ್ದವಿಲ್ಲ, ಏಕೆಂದರೆ ಎರಡು ಮೂರು ತಲೆಮಾರಿಗೊಮ್ಮೆ ಆ ಕಂಪನಿ ಸಾಕೆಟ್ ಬದಲಿಸುತ್ತಾ ಬಂದಿದೆ. ತಲೆಮಾರು ಯಾವುದೆಂದು ಹೆಸರೇ ಹೇಳುತ್ತದೆ: ಐ5-8400 ಎಂದರೆ 8ನೆಯದು, ಐ3-12100 ಎಂದರೆ 12ನೆಯದು. ಎಲ್‌ಜಿಎ 1151 ಎಂಬ ಹೆಸರು ವಿಶೇಷವಾಗಿ ಮೋಸಗೊಳಿಸುವಂಥದ್ದು. 6 ಮತ್ತು 7ನೆಯ ತಲೆಮಾರಿನ ಪ್ರೊಸೆಸರುಗಳೂ 8 ಮತ್ತು 9ನೆಯ ತಲೆಮಾರಿನವೂ ಇದೇ ಹೆಸರಿನ ಸಾಕೆಟ್ಟಿನಲ್ಲಿ ಕೂರುತ್ತವೆ, ಆದರೆ ಪಿನ್ನುಗಳ ಹಂಚಿಕೆ ಬೇರೆಯಾಗಿದೆ. ಎಚ್110, ಬಿ150, ಬಿ250 ಬೋರ್ಡಿನಲ್ಲಿ ಐ5-8400 ಕೆಲಸ ಮಾಡದು. ಅಲ್ಲಿ ಏರಬಹುದಾದ ಕೊನೆಯ ಮೆಟ್ಟಿಲು ನಾಲ್ಕು ಕೋರು ಎಂಟು ಥ್ರೆಡ್ಡಿನ ಐ7-7700. ಈಗ ಐ3-6100 ಇರುವವರಿಗೆ ಅದು ಗಣನೀಯ ಏರಿಕೆಯೇ ಸರಿ, ಆದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಪ್ರತಿ ಸಾಕೆಟ್ಟಿನ ಅತ್ಯುನ್ನತ ಪ್ರೊಸೆಸರಿಗೆ ಅದರ ಯೋಗ್ಯತೆಗಿಂತ ಹೆಚ್ಚು ಬೆಲೆ ಕಟ್ಟುವುದು ವಾಡಿಕೆ. ಒಂದು ಹಳೆಯ ಐ7ಗೆ ಕೇಳುವ ಹಣಕ್ಕೆ ಹೊಸ ತಲೆಮಾರಿನ ಐ3ಯೂ ಅದಕ್ಕೊಂದು ಬೋರ್ಡೂ ಬರುವಂತಿದ್ದರೆ, ಹಳೆಯ ಸಾಕೆಟ್ಟನ್ನು ಅಲ್ಲಿಗೇ ಬಿಡುವುದು ವಿವೇಕ. ನಾಲ್ಕು ಕೋರು ಎಂಟು ಥ್ರೆಡ್ಡುಗಳ ಐ3-12100, ಅಷ್ಟೇ ಕೋರು ಥ್ರೆಡ್ಡುಗಳಿರುವ ಐ7-7700ನ್ನು ಆಟಗಳಲ್ಲಿ ನಿರಾಯಾಸವಾಗಿ ಹಿಂದಿಕ್ಕುತ್ತದೆ. ಡಿಡಿಆರ್4 ಬಗೆಯ ರ‍್ಯಾಮಿನ ಸ್ಲಾಟುಗಳಿರುವ ಎಚ್610 ಅಥವಾ ಬಿ660 ಬೋರ್ಡನ್ನು ಆರಿಸಿಕೊಂಡರೆ ಈಗಿರುವ ಡಿಡಿಆರ್4 ರ‍್ಯಾಮನ್ನೂ ಅಲ್ಲಿಗೆ ಸಾಗಿಸಬಹುದು. ನನ್ನ ಮೂಲ ನಿಲುವಿಗೆ ನಾನೇ ಒಪ್ಪುವ ವಿನಾಯಿತಿ ಇದೊಂದೇ.

8 ಮತ್ತು 9ನೆಯ ತಲೆಮಾರಿನ ಎಚ್310, ಬಿ360, ಬಿ365 ಬೋರ್ಡುಗಳಲ್ಲಿ ಐ3-8100 ಇದ್ದರೆ ಆರು ಕೋರು ಹನ್ನೆರಡು ಥ್ರೆಡ್ಡಿನ ಐ7-8700, ಅಥವಾ ಎಂಟು ಕೋರಿನ ಐ7-9700 ಒಳ್ಳೆಯ ಗುರಿ. ಎಲ್‌ಜಿಎ 1200ರಲ್ಲಿ ಐ3-10100 ಇದ್ದವರು ಐ5-10400 ಅಥವಾ ಐ7-10700 ನೋಡಬಹುದು. ಎಚ್410 ಮತ್ತು ಬಿ460 ಬೋರ್ಡುಗಳು ಸಾಮಾನ್ಯವಾಗಿ 11ನೆಯ ತಲೆಮಾರನ್ನು ಒಪ್ಪುವುದಿಲ್ಲವೆಂಬುದನ್ನು ಮರೆಯಬಾರದು. ಎಲ್‌ಜಿಎ 1700ರಲ್ಲಿ ಐ3-12100 ಇದ್ದರೆ ಮುಂದೆ 14ನೆಯ ತಲೆಮಾರಿನವರೆಗೂ ದಾರಿಯಿದೆ. 13 ಮತ್ತು 14ನೆಯ ತಲೆಮಾರಿನ ಹೆಚ್ಚು ವಿದ್ಯುತ್ ಬಳಸುವ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅಸ್ಥಿರತೆಯ ದೋಷವಿರುವುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಮೂಲ ಸೂಚನೆಗಳ) ತಿದ್ದುಪಡಿಗಳನ್ನು ಕೊಟ್ಟಿತು. ಆ ತಿದ್ದುಪಡಿ ಮುಂದಾಗುವ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಲೇ ಆಗಿರುವ ಹಾನಿಯನ್ನು ಸರಿಪಡಿಸುವುದಿಲ್ಲ. ಹಾಗಾಗಿ ಆ ಸಾಲಿನ ದೊಡ್ಡ ಪ್ರೊಸೆಸರನ್ನು ವಾರಂಟಿಯಿಲ್ಲದೆ ಸೆಕೆಂಡ್ ಹ್ಯಾಂಡ್ ಕೊಳ್ಳಲು ನಾನಂತೂ ಹಿಂಜರಿಯುತ್ತೇನೆ.

ಇನ್ನೂ ಹಿಂದಿನ ಕಾಲದ ಕಂಪ್ಯೂಟರುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 4ನೆಯ ತಲೆಮಾರಿನ ಎಲ್‌ಜಿಎ 1150 ಬೋರ್ಡಿಗೆ ಐ7-4790 ಅಥವಾ ಅದೇ ನಾಲ್ಕು ಕೋರು ಎಂಟು ಥ್ರೆಡ್ಡಿನ ಝಿಯಾನ್ ಇ3-1231 ವಿ3 ತೀರಾ ಅಗ್ಗವಾಗಿ ಸಿಕ್ಕರೆ ಹಾಕಬಹುದು. ಇಂಟೆಲ್ಲಿನ 2 ಮತ್ತು 3ನೆಯ ತಲೆಮಾರು, ಎಎಂಡಿಯ ಎಫ್‌ಎಕ್ಸ್-8350 ಮುಂತಾದವುಗಳಿಗೆ ಎವಿಎಕ್ಸ್2 ಎಂಬ ಸೂಚನಾ ಗುಂಪೇ ತಿಳಿಯದು, ಅದನ್ನು ಬೇಡುವ ಹೊಸ ಆಟಗಳು ಅವುಗಳಲ್ಲಿ ತೆರೆದುಕೊಳ್ಳುವುದೇ ಇಲ್ಲ. ಅಲ್ಲಿ ಹಣ ಹಾಕಬೇಡಿ.

ಆಯ್ಕೆಯ ಮೇಲೆ ಪ್ರಭಾವ ಬೀರುವ ಇನ್ನೊಂದು ಸಂಗತಿ ವಿಂಡೋಸ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿ ಸ್ಥೂಲವಾಗಿ ಇಂಟೆಲ್ 8ನೆಯ ತಲೆಮಾರಿನಿಂದ, ಎಎಂಡಿಯಲ್ಲಿ ರೈಜೆನ್ 2000 ಸರಣಿಯಿಂದ ಆರಂಭವಾಗುತ್ತದೆ. 2000 ಸರಣಿಯ ಹೆಸರಿದ್ದರೂ 2200ಜಿ ಮತ್ತು 2400ಜಿ ಆ ಪಟ್ಟಿಯಲ್ಲಿಲ್ಲ. ಎಎಂ4 ಬೋರ್ಡಿನಲ್ಲಿ 5600 ಕೂರಿಸಿದರೆ ಈ ತೊಡಕೂ ಅದರೊಡನೆಯೇ ನಿವಾರಣೆಯಾಗುತ್ತದೆ. 7ನೆಯ ತಲೆಮಾರಿನ ಇಂಟೆಲ್ ಬೋರ್ಡಿನಲ್ಲಿ ಎಷ್ಟೇ ಖರ್ಚು ಮಾಡಿದರೂ ತೊಡಕು ಹಾಗೆಯೇ ಉಳಿಯುತ್ತದೆ.

ಐದನೆಯ ಹಂತ: ವಿದ್ಯುತ್ತು ಮತ್ತು ಬಿಸಿ

ಪ್ರೊಸೆಸರಿನ ಮೇಲೆ ಬರೆದ ವ್ಯಾಟ್ ಸಂಖ್ಯೆ ಅದು ನಿಜವಾಗಿ ಎಳೆಯುವ ವಿದ್ಯುತ್ತಿಗೆ ಸಮನಲ್ಲ. ಎಎಂ4ರಲ್ಲಿ 65 ವ್ಯಾಟ್ ವರ್ಗದವು 76 ಅಥವಾ 88 ವ್ಯಾಟಿನವರೆಗೂ, 105 ವ್ಯಾಟ್ ವರ್ಗದವು 142 ವ್ಯಾಟಿನವರೆಗೂ ಹೋಗಲು ಅನುಮತಿ ಪಡೆದಿರುತ್ತವೆ. 65 ವ್ಯಾಟ್ ಎಂದು ಬರೆದ ಐ7-10700 ಕ್ಷಣಕಾಲ 224 ವ್ಯಾಟಿನವರೆಗೂ ಏರಬಲ್ಲದು. ಅಗ್ಗದ ಬೋರ್ಡುಗಳಲ್ಲಿ ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಭಾಗದ ಮೇಲೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಸಾಕೆಟ್ಟಿನ ಪಕ್ಕದಲ್ಲಿ ಆ ಚೌಕಾಕಾರದ ಸಣ್ಣ ಚಿಪ್ಪುಗಳು ಬರಿದಾಗಿ ಕಾಣುತ್ತಿದ್ದರೆ 65 ವ್ಯಾಟ್ ವರ್ಗವನ್ನು ದಾಟದಿರುವುದೇ ಕ್ಷೇಮ. 5600ರ ಪೆಟ್ಟಿಗೆಯಲ್ಲಿ ಕೂಲರ್ ಬರುತ್ತದೆ, 5700ಎಕ್ಸ್ ಮತ್ತು 5800ಎಕ್ಸ್3ಡಿಗಳೊಡನೆ ಬರುವುದಿಲ್ಲ. ಆ ಖರ್ಚನ್ನೂ ಮೊದಲೇ ಸೇರಿಸಿ ಲೆಕ್ಕ ಹಾಕಿ.

ಆರನೆಯ ಹಂತ: ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಪ್ರೊಸೆಸರು ಸುಲಭವಾಗಿ ಕೆಡುವ ವಸ್ತುವಲ್ಲ, ಆದ್ದರಿಂದ ಬಿಡಿಭಾಗಗಳಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳಲು ಅದೇ ಹೆಚ್ಚು ನಿರಾತಂಕ. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿಯೇ ಇರುವುದರಿಂದ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಸಾಲುಗಳು ನೇರವಾಗಿವೆಯೇ, ಯಾವುದಾದರೂ ಮುರಿದಿದೆಯೇ ಎಂದು ನಾಲ್ಕೂ ದಿಕ್ಕಿನಿಂದ ನೋಡಬೇಕು. ಇಂಟೆಲ್ಲಿನಲ್ಲಿ ಪಿನ್ನುಗಳು ಬೋರ್ಡಿನಲ್ಲಿರುತ್ತವೆ. ಅಲ್ಲಿ ಪ್ರೊಸೆಸರಿನ ಅಡಿಯ ಚಿನ್ನದ ಬಣ್ಣದ ಬಿಂದುಗಳು ಸುಟ್ಟು ಕಪ್ಪಾಗಿವೆಯೇ ಎಂಬುದನ್ನು ಗಮನಿಸಿ. ಮೇಲಿನ ಲೋಹದ ಮುಚ್ಚಳದ ಮೇಲೆ ಮಾದರಿಯ ಹೆಸರಿಗೆ ಬದಲಾಗಿ ಕಾನ್ಫಿಡೆನ್ಷಿಯಲ್ ಎಂಬ ಪದವಿದ್ದರೆ ಅದು ತಯಾರಕರು ಪರೀಕ್ಷೆಗೆಂದು ಹೊರತಂದ ಮಾದರಿ, ಎಷ್ಟೇ ಅಗ್ಗವಾಗಿದ್ದರೂ ಬೇಡ. ಸಾಧ್ಯವಾದರೆ ಮಾರುವವರ ಕಂಪ್ಯೂಟರಿನಲ್ಲಿಯೇ ಅದು ನಡೆಯುತ್ತಿರುವಾಗ ಸಿಪಿಯು-ಝಡ್ ತೆರೆಸಿ, ಹದಿನೈದು ನಿಮಿಷ ಒತ್ತಡದ ಪರೀಕ್ಷೆ ನಡೆಸಿ ನೋಡಿ.

ಏಳನೆಯ ಹಂತ: ಬಯೋಸ್, ಬೀಗದ ಕೀಲಿ, ಜೋಡಣೆ

ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿರುವಾಗಲೇ ಬಯೋಸ್ ನವೀಕರಿಸಬೇಕು. ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ಉತ್ಸಾಹದಲ್ಲಿ ಇದನ್ನೇ ಮರೆತೆ. ಹಳೆಯದನ್ನು ಒಬ್ಬ ಗೆಳೆಯನಿಗೆ ಕೊಟ್ಟು, ಹೊಸದನ್ನು ಕೂರಿಸಿ, ಫ್ಯಾನುಗಳು ತಿರುಗುತ್ತಿದ್ದರೂ ಪರದೆಯಲ್ಲಿ ಏನೂ ಮೂಡದ್ದನ್ನು ಕಂಡು ರಾತ್ರಿಯಿಡೀ ರ‍್ಯಾಮ್ ಪಟ್ಟಿಗಳನ್ನು ಕಿತ್ತು ಹಾಕಿ ಮಾಡುತ್ತಿದ್ದೆ. ಬೆಳಿಗ್ಗೆ ಕೊಟ್ಟದ್ದನ್ನೇ ಮರಳಿ ಕೇಳಿ ತರಬೇಕಾಯಿತು. ಪ್ರೊಸೆಸರೇ ಇಲ್ಲದೆ ಪೆನ್ ಡ್ರೈವಿನಿಂದ ಬಯೋಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಕೆಲವು ಬೋರ್ಡುಗಳಲ್ಲಿ ಮಾತ್ರ ಇರುತ್ತದೆ, ಅಗ್ಗದವುಗಳಲ್ಲಿ ವಿರಳ.

ತಯಾರಕರ ಪುಟದಲ್ಲಿ ಪ್ರತಿ ಆವೃತ್ತಿಯ ಕೆಳಗೆ ಬರೆದ ಟಿಪ್ಪಣಿಯನ್ನು ಓದಿ. ನೇರವಾಗಿ ಕೊನೆಯ ಆವೃತ್ತಿಗೆ ಜಿಗಿಯದೆ ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಿಕೊಳ್ಳಬೇಕೆಂದು ಕೆಲವು ಬೋರ್ಡುಗಳಿಗೆ ಸೂಚಿಸಿರುತ್ತಾರೆ. ಹಳೆಯ ಬೋರ್ಡುಗಳ ಬಯೋಸ್ ಚಿಪ್ಪಿನ ಜಾಗ ಚಿಕ್ಕದಾದ್ದರಿಂದ ಹೊಸ ಪ್ರೊಸೆಸರುಗಳಿಗೆ ಎಡೆ ಮಾಡಿಕೊಡಲು ಕೆಲವು ತೀರಾ ಹಳೆಯ ಪ್ರೊಸೆಸರುಗಳ ಬೆಂಬಲವನ್ನು ತೆಗೆದಿರುವುದೂ ಉಂಟು. ನವೀಕರಣ ನಡೆಯುವಾಗ ವಿದ್ಯುತ್ ಹೋದರೆ ಬೋರ್ಡೇ ನಿಷ್ಕ್ರಿಯವಾಗಬಹುದು, ಯುಪಿಎಸ್ ಇದ್ದರೆ ಅದರ ಮೂಲಕವೇ ಈ ಕೆಲಸ ಮಾಡಿ. ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್ ಬೀಗ ಬಿದ್ದಿದೆಯೇ ಎಂದೂ ಮೊದಲೇ ಪರಿಶೀಲಿಸಿ, ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪ್ರೊಸೆಸರಿನೊಳಗಿನ ಟಿಪಿಎಂ (ಗುಪ್ತ ಕೀಲಿಗಳನ್ನು ಕಾಯುವ ಭಾಗ) ಬಳಸುವ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಬದಲಾದೊಡನೆ ಹಳೆಯ ಟಿಪಿಎಂ ಮಾಹಿತಿಯನ್ನು ಅಳಿಸಬೇಕೇ ಎಂದು ಬಯೋಸ್ ಕೇಳುತ್ತದೆ. ಕೀಲಿ ಕೈಯಲ್ಲಿಲ್ಲದೆ ಹೌದೆಂದು ಒತ್ತಿದರೆ ಡಿಸ್ಕಿನ ಮಾಹಿತಿ ತೆರೆಯದೆ ಉಳಿಯುತ್ತದೆ.

ಎಎಂ4 ಕೂಲರನ್ನು ತಣ್ಣಗಿರುವಾಗ ನೇರವಾಗಿ ಮೇಲಕ್ಕೆ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಕೊಂಡು ಬಂದು ಪಿನ್ನುಗಳು ಬಾಗುತ್ತವೆ. ಹತ್ತು ನಿಮಿಷ ಒಂದು ಆಟ ಓಡಿಸಿ ಪೇಸ್ಟ್ ಮೆದುವಾದ ಮೇಲೆ ಕಂಪ್ಯೂಟರನ್ನು ಆರಿಸಿ, ಪ್ಲಗ್ ತೆಗೆದು, ಕೂಲರನ್ನು ಎಡಬಲಕ್ಕೆ ಮೆಲ್ಲಗೆ ತಿರುವುತ್ತಾ ಬಿಡಿಸಿ. ಹೊಸ ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿದರೆ ಅದು ತನ್ನ ತೂಕಕ್ಕೇ ಕೆಳಗೆ ಇಳಿಯಬೇಕು. ಒತ್ತಬೇಕಾಗಿ ಬಂದರೆ ಎಲ್ಲೋ ತಪ್ಪಿದೆ. ನಡುವೆ ಬಟಾಣಿ ಗಾತ್ರದ ಪೇಸ್ಟ್ ಸಾಕು.

ಮೊದಲ ಬಾರಿ ಆನ್ ಮಾಡಿದಾಗ ರ‍್ಯಾಮನ್ನು ಅರಿತುಕೊಳ್ಳಲು ಬೋರ್ಡ್ ಎರಡು ಮೂರು ನಿಮಿಷ ತೆಗೆದುಕೊಳ್ಳಬಹುದು, ಗಾಬರಿಯಾಗಿ ಆರಿಸಬೇಡಿ. ಬಯೋಸ್ ನವೀಕರಣದಲ್ಲಿ ಅಳಿಸಿಹೋಗಿರುವ ಎಕ್ಸ್‌ಎಂಪಿಯನ್ನು ಮತ್ತೆ ಆನ್ ಮಾಡಿ, ಚಿಪ್‌ಸೆಟ್ ಡ್ರೈವರುಗಳನ್ನು ಹೊಸದಾಗಿ ಹಾಕಿ. ನಂತರ ಮೊದಲ ಹಂತದಲ್ಲಿ ನಿಂತಿದ್ದ ಜಾಗಕ್ಕೇ ಮತ್ತೆ ಹೋಗಿ, ಅಂದು ಬರೆದಿಟ್ಟ ಅಂಕಿಗಳ ಪಕ್ಕದಲ್ಲಿ ಇಂದಿನವನ್ನು ಬರೆಯಿರಿ. ಗ್ರಾಫಿಕ್ಸ್ ಕಾರ್ಡಿನ ಬಳಕೆ 95 ಶೇಕಡಾ ದಾಟಿದ್ದು, ಫ್ರೇಮ್ ಟೈಮಿನ ಗೆರೆಯಲ್ಲಿ ಮೊದಲಿದ್ದ ಮುಳ್ಳುಗಳು ಕಾಣದಿದ್ದರೆ ಪ್ರೊಸೆಸರಿನ ಕೆಲಸ ಮುಗಿಯಿತು. ಹಳೆಯ ಪ್ರೊಸೆಸರನ್ನು ಹೊಸದರ ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಇರಿಸಿ, ಇನ್ನೆರಡು ವಾರ ಯಾರಿಗೂ ಕೊಡಬೇಡಿ.